ಯೂಸರ್ ಮೋಡ್ ಲಿನಕ್ಸ್: ಗೆಸ್ಟ್ ಕರ್ನಲ್‌ಗೆ ಕನ್ಸೋಲ್, ಸೀರಿಯಲ್, ನೆಟ್‌ವರ್ಕ್ ಜೋಡಿಸುವುದು ಹೇಗೆ?

ಗೆಸ್ಟ್ ಕರ್ನಲ್ ಬೂಟ್ ಆಯಿತು. ಪರದೆ ಮೇಲೆ ನೂರಾರು ಸಾಲು ಸರಸರ ಓಡಿದವು. ಆಮೇಲೆ ಎಲ್ಲ ಗಪ್‌ಚುಪ್. ಲಾಗಿನ್ ಕೇಳುವುದಿಲ್ಲ, ಕಂಟ್ರೋಲ್-ಸಿ ಒತ್ತಿದರೂ ಜಗ್ಗುವುದಿಲ್ಲ. ಯೂಸರ್ ಮೋಡ್ ಲಿನಕ್ಸ್ ಜೊತೆ ನನ್ನ ಮೊದಲ ದಿನ ಹೀಗೇ ಮುಗಿದಿತ್ತು. ಕರ್ನಲ್ಲೇ ಕೆಟ್ಟಿದೆ ಅಂದುಕೊಂಡು ಮೂರು ಸಲ ಮತ್ತೆ ಕಂಪೈಲ್ ಮಾಡಿದೆ. ಅದಕ್ಕೇನೂ ಆಗಿರಲಿಲ್ಲ. ಲಾಗಿನ್ ಕೇಳುತ್ತಲೇ ಇತ್ತು, ನಾನು ನೋಡದ ಕಡೆ ಕೇಳುತ್ತಿತ್ತು ಅಷ್ಟೇ.

ಯೂಸರ್ ಮೋಡ್ ಲಿನಕ್ಸ್, ಚಿಕ್ಕದಾಗಿ ಯುಎಂಎಲ್, ಲಿನಕ್ಸ್ ಕರ್ನಲ್ಲನ್ನೇ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳನ್ನೇ, ಒಂದು ಸಾಮಾನ್ಯ ಪ್ರೋಗ್ರಾಂ ಹಾಗೆ ಓಡಿಸುವ ಏರ್ಪಾಡು. ಹೀಗೆ ಓಡುವ ಕರ್ನಲ್ ಗೆಸ್ಟ್, ಅದನ್ನು ಓಡಿಸುವ ನಿಮ್ಮ ಯಂತ್ರ ಹೋಸ್ಟ್. ಜೆಫ್ ಡೈಕ್ 1999ರಲ್ಲಿ ಶುರು ಮಾಡಿದ್ದು, 2002ರಲ್ಲಿ ಮುಖ್ಯ ಕರ್ನಲ್ ಮೂಲಕ್ಕೇ ಸೇರಿತು. ಇದಕ್ಕೆ ಲಿನಕ್ಸ್‌ನ ವರ್ಚುವಲ್ ಯಂತ್ರದ ಏರ್ಪಾಡಾದ ಕೆವಿಎಂ ಬೇಕಿಲ್ಲ, ಪ್ರೊಸೆಸರ್‌ನಲ್ಲಿ ವರ್ಚುವಲೈಸೇಶನ್ ಸೌಲಭ್ಯವೂ ಬೇಕಿಲ್ಲ. ಬಾಡಿಗೆಗೆ ಪಡೆದ ಸಣ್ಣ ಸರ್ವರ್ ಒಳಗೂ ಓಡುತ್ತದೆ. ಕರ್ನಲ್‌ನ ಕೆಯುನಿಟ್ ಪರೀಕ್ಷೆಗಳನ್ನು ಓಡಿಸುವ ಸ್ಕ್ರಿಪ್ಟ್ ಕೂಡ ಬೇರೆ ಹೇಳದಿದ್ದರೆ ಇದನ್ನೇ ಬಳಸುತ್ತದೆ. ಹೊಸ ಡ್ರೈವರ್, ಹೊಸ ಫೈರ್‌ವಾಲ್ ನಿಯಮ, ಏನಾದರೂ ಕೆಡಿಸಿ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಅಗ್ಗದ ಆಟದ ಮೈದಾನ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಹೆಚ್ಚಿನವು ಸಣ್ಣಕ್ಷರ. ಕಾನ್ ಅಂದರೆ ಸಿ-ಒ-ಎನ್. ವೆಕ್ ಅಂದರೆ ವಿ-ಇ-ಸಿ. ನಲ್ ಅಂದರೆ ಎನ್-ಯು-ಎಲ್-ಎಲ್. ಎಸ್‌ಎಸ್‌ಎಲ್, ಪಿಟಿಎಸ್, ಎಫ್‌ಡಿ, ಯುಬಿಡಿ, ಯುಎಂಐಡಿ ಇವನ್ನು ಓದಿದ ಹಾಗೆ ಅಕ್ಷರ ಅಕ್ಷರವಾಗಿ ಹೊಡೆಯಿರಿ. ಟಿಟಿವೈಎಸ್‌ನಲ್ಲಿ ಕೊನೆಯ ಎಸ್ ಮಾತ್ರ ದೊಡ್ಡಕ್ಷರ.

ಎಡಕ್ಕೆ ಗೆಸ್ಟ್, ಬಲಕ್ಕೆ ಹೋಸ್ಟ್

ಯುಎಂಎಲ್‌ನಲ್ಲಿ ಪ್ರತಿ ಸಾಧನವೂ ಎರಡು ತುದಿಯ ಹಗ್ಗ. ಒಂದು ತುದಿ ಗೆಸ್ಟ್ ಒಳಗೆ, ಇನ್ನೊಂದು ತುದಿ ಹೋಸ್ಟ್‌ನಲ್ಲಿ. ಕಮಾಂಡ್ ಸಾಲಿನಲ್ಲಿ ಕಾನ್1=ಪಿಟಿಎಸ್ ಅಂತ ಬರೆದರೆ ಸಮ ಚಿಹ್ನೆಯ ಎಡಗಡೆ ಇರುವುದು ಗೆಸ್ಟ್‌ನ ತುದಿ, ಬಲಗಡೆ ಇರುವುದು ಹೋಸ್ಟ್‌ನ ತುದಿ. ಇಷ್ಟು ತಲೆಗೆ ಹೋದರೆ ಅರ್ಧ ಕೆಲಸ ಆಯಿತು.

ಇನ್ನರ್ಧ ಏನು? ಗೆಸ್ಟ್ ತುದಿಯನ್ನು ಹಿಡಿದು ಕೂರಲು ಅಲ್ಲಿ ಒಬ್ಬರು ಬೇಕು. ಕನ್ಸೋಲ್ ಆದರೆ ಲಾಗಿನ್ ಕೇಳುವ ಗೆಟ್ಟಿ ಅನ್ನುವ ಪ್ರೋಗ್ರಾಂ, ನೆಟ್‌ವರ್ಕ್ ಆದರೆ ಐಪಿ ವಿಳಾಸ ಕೊಡುವ ಸೆಟ್ಟಿಂಗ್. ಹಗ್ಗ ಕಟ್ಟಿದ್ದೇವೆ, ಆದರೆ ಒಳಗೆ ಯಾರೂ ಹಿಡಿದಿಲ್ಲ: ಖಾಲಿ ಪರದೆಯ ಮುಕ್ಕಾಲು ಪಾಲು ಕಥೆ ಇದೇ.

ಹೆಜ್ಜೆ 1: ಕರ್ನಲ್ ಕಟ್ಟುವುದು

ಕರ್ನಲ್ ಮೂಲದ ಫೋಲ್ಡರ್‌ನಲ್ಲಿ ಈ ಮೂರು ಸಾಲು:

ಮೇಕ್ ಆರ್ಚ್=ಯುಎಂ ಡೆಫ್‌ಕಾನ್‌ಫಿಗ್
ಮೇಕ್ ಆರ್ಚ್=ಯುಎಂ ಮೆನುಕಾನ್‌ಫಿಗ್
ಮೇಕ್ ಆರ್ಚ್=ಯುಎಂ

ಆರ್ಚ್ ದೊಡ್ಡಕ್ಷರದಲ್ಲಿ, ಮತ್ತು ಪ್ರತಿ ಸಲವೂ ಬೇಕು. ಒಂದೇ ಒಂದು ಸಲ ಮರೆತರೆ ಹೋಸ್ಟ್‌ನ ಪ್ರೊಸೆಸರ್‌ಗೆ ಬೇಕಾದ ಕಾನ್‌ಫಿಗ್ ಬಂದು ಎಲ್ಲ ಕಲಸಿಹೋಗುತ್ತದೆ. ಹಾಗಾದರೆ ಮೇಕ್ ಎಂಆರ್‌ಪ್ರಾಪರ್ ಹೊಡೆದು ಮೊದಲಿಂದ ಶುರು ಮಾಡುವುದೇ ವಾಸಿ.

ಮೆನುವಿನಲ್ಲಿ ಎರಡು ಕಡೆ ನೋಡಿ. ಯುಎಂಎಲ್ ಕ್ಯಾರೆಕ್ಟರ್ ಡಿವೈಸಸ್ ಅನ್ನುವ ಕಡೆ ವರ್ಚುವಲ್ ಸೀರಿಯಲ್ ಲೈನ್ ಮತ್ತು ನಲ್, ಪಿಟಿವೈ, ಟಿಟಿವೈ ಚಾನೆಲ್‌ಗಳಿಗೆ ಗುರುತು ಹಾಕಿ. ಯುಎಂಎಲ್ ನೆಟ್‌ವರ್ಕ್ ಡಿವೈಸಸ್ ಅನ್ನುವ ಕಡೆ ವೆಕ್ಟರ್ ನೆಟ್‌ವರ್ಕ್‌ಗೆ ಗುರುತು ಹಾಕಿ. ಇವನ್ನು ಮಾಡ್ಯೂಲ್ ಮಾಡಬೇಡಿ, ಕರ್ನಲ್ ಒಳಗೇ ಸೇರಿಸಿ. ಮಾಡ್ಯೂಲ್ ಮಾಡಿದರೆ ಅವನ್ನು ಡಿಸ್ಕ್ ಇಮೇಜ್ ಒಳಗೂ ತುಂಬಬೇಕು, ಸುಮ್ನೆ ತಲೆನೋವು.

ಕೊನೆಗೆ ಅದೇ ಫೋಲ್ಡರ್‌ನಲ್ಲಿ ಲಿನಕ್ಸ್ ಅನ್ನುವ ಫೈಲ್ ಸಿಗುತ್ತದೆ. ಅದೇ ನಿಮ್ಮ ಗೆಸ್ಟ್ ಕರ್ನಲ್, ಓಡಿಸಲು ಸಿದ್ಧ. ಡಿಸ್ಕ್ ಇಮೇಜ್ ವಿಷಯಕ್ಕೆ ನಾನು ಇಲ್ಲಿ ಜಾಸ್ತಿ ಹೋಗುವುದಿಲ್ಲ. ಖಾಲಿ ಫೈಲ್ ಒಂದಕ್ಕೆ ಎಕ್ಸ್‌ಟಿ4 ಹಾಕಿ, ಮೌಂಟ್ ಮಾಡಿ, ಡಿಬೂಟ್‌ಸ್ಟ್ರಾಪ್‌ನಿಂದ ಡೆಬಿಯನ್ ತುಂಬಿ, ರೂಟ್ ಪಾಸ್‌ವರ್ಡ್ ಇಟ್ಟರೆ ಸಾಕು. ಯುಎಂಎಲ್ ತನ್ನ ಡಿಸ್ಕ್‌ಗಳನ್ನು ಯುಬಿಡಿ ಅಂತ ಕರೆಯುತ್ತದೆ, ಹಾಗಾಗಿ ಎಫ್‌ಎಸ್‌ಟ್ಯಾಬ್‌ನಲ್ಲಿ ರೂಟ್ ಡಿಸ್ಕ್ /ಡೆವ್/ಯುಬಿಡಿಎ ಅಂತ ಇರಲಿ. ಆ ಇಮೇಜ್ ನಿಮ್ಮ ಬಳಕೆದಾರ ಹೆಸರಿನಲ್ಲೇ ಇರಬೇಕು. ಯುಎಂಎಲ್‌ಅನ್ನು ರೂಟ್ ಆಗಿ ಓಡಿಸುವ ಅಗತ್ಯವೇ ಇಲ್ಲ, ಓಡಿಸಲೂಬೇಡಿ.

ಹೆಜ್ಜೆ 2: ಕನ್ಸೋಲ್

ಗೆಸ್ಟ್ ಒಳಗೆ 16 ಕನ್ಸೋಲ್ ಇರುತ್ತವೆ, ಟಿಟಿವೈ0 ಇಂದ ಟಿಟಿವೈ15 ರವರೆಗೆ. ಕಮಾಂಡ್ ಸಾಲಿನಲ್ಲಿ ಇವುಗಳ ಹೆಸರು ಕಾನ್0, ಕಾನ್1, ಹೀಗೆ. ಸಂಖ್ಯೆ ಹಾಕದೆ ಬರೀ ಕಾನ್ ಅಂದರೆ ಎಲ್ಲದಕ್ಕೂ ಅನ್ವಯ.

ಬಲಗಡೆ ಏನು ಬರೆಯಬಹುದು? ದಿನಬಳಕೆಗೆ ಇಷ್ಟು ಗೊತ್ತಿದ್ದರೆ ಸಾಕು.

ಎಫ್‌ಡಿ:0,ಎಫ್‌ಡಿ:1 ಅಂದರೆ ನೀವು ಯಾವ ಟರ್ಮಿನಲ್‌ನಿಂದ ಯುಎಂಎಲ್ ಓಡಿಸಿದಿರೋ ಅದೇ ಟರ್ಮಿನಲ್. ಅಲ್ಪವಿರಾಮದ ಮೊದಲಿನದು ಇನ್‌ಪುಟ್, ನಂತರದ್ದು ಔಟ್‌ಪುಟ್. ಹೀಗೆ ಎರಡನ್ನೂ ಬೇರೆ ಬೇರೆ ಕಡೆ ಕಟ್ಟಬಹುದು ಅನ್ನುವುದು ಆಮೇಲೆ ತುಂಬ ಉಪಯೋಗಕ್ಕೆ ಬರುತ್ತದೆ.

ಪಿಟಿಎಸ್ ಅಂದರೆ ಹೋಸ್ಟ್‌ನಲ್ಲಿ ಹೊಸ ಸ್ಯೂಡೋ ಟರ್ಮಿನಲ್ ಒಂದು ಹುಟ್ಟುತ್ತದೆ. ನೀವು ಸ್ಕ್ರೀನ್ ಅಥವಾ ಮಿನಿಕಾಮ್ ಅನ್ನುವ ಪ್ರೋಗ್ರಾಂನಿಂದ ಅದಕ್ಕೆ ಹೋಗಿ ಸೇರಬಹುದು. ಪಿಟಿವೈ ಅನ್ನುವುದು ಇದರ ಹಳೇ ಕಾಲದ ಅಣ್ಣ, ಈಗ ಅದರ ಗೊಡವೆ ಬೇಡ.

ಎಕ್ಸ್‌ಟರ್ಮ್ ಅಂದರೆ ಪ್ರತಿ ಕನ್ಸೋಲ್‌ಗೂ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ನೋಡಲು ಚೆನ್ನ. ಆದರೆ ಹೋಸ್ಟ್‌ನಲ್ಲಿ ಎಕ್ಸ್‌ಟರ್ಮ್ ಇರಬೇಕು, ಯುಎಂಎಲ್-ಯುಟಿಲಿಟೀಸ್ ಪ್ಯಾಕೇಜಿನ ಪೋರ್ಟ್-ಹೆಲ್ಪರ್ ಬೇಕು, ಗ್ರಾಫಿಕ್ ಪರದೆಯೂ ಬೇಕು. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ನಲ್ಲಿ ಕೂತವರಿಗೆ ಇದು ಕೆಲಸಕ್ಕೆ ಬಾರದು.

ನಲ್ ಮತ್ತು ನನ್: ಈ ಎರಡರ ವ್ಯತ್ಯಾಸ ಗೊತ್ತಿರಲೇಬೇಕು. ನಲ್ ಅಂದರೆ ಸಾಧನ ಇದೆ, ತೆರೆಯಬಹುದು, ಬರೆದದ್ದೆಲ್ಲ ಹೊಳೆಗೆ ಹೋಗುತ್ತದೆ. ಎನ್-ಒ-ಎನ್-ಇ ಅಂತ ಹೊಡೆಯುವ ನನ್ ಅಂದರೆ ಸಾಧನವೇ ಇಲ್ಲ, ತೆರೆಯಲು ಹೋದರೆ ತಪ್ಪು ಬರುತ್ತದೆ. ಅಚ್ಚುಕಟ್ಟಾಗಿರಲಿ ಅಂತ ನಾನೊಮ್ಮೆ ಎಲ್ಲದಕ್ಕೂ ನನ್ ಹಾಕಿದ್ದೆ. ಒಳಗೆ ಗೆಟ್ಟಿ ತೆರೆಯಲು ಹೋಗುತ್ತದೆ, ಬೀಳುತ್ತದೆ, ಉಳಿದ ಪ್ರೋಗ್ರಾಂಗಳನ್ನು ಶುರು ಮಾಡುವ ಇನಿಟ್ ಅದನ್ನು ಮತ್ತೆ ಎಬ್ಬಿಸುತ್ತದೆ, ಮತ್ತೆ ಬೀಳುತ್ತದೆ. ಲಾಗ್ ತುಂಬ ಅದೇ ಗೋಳು. ಗೆಟ್ಟಿ ಇರುವ ಕಡೆ ನಲ್ ಹಾಕಿ.

ಪೋರ್ಟ್:9000 ಅಂತಲೂ ಬರೆಯಬಹುದು, ಆಗ ಟೆಲ್ನೆಟ್‌ನಿಂದ ಒಳಗೆ ಹೋಗಬಹುದು. ಇದಕ್ಕೆ ಹೋಸ್ಟ್‌ನಲ್ಲಿ ಟೆಲ್ನೆಟ್ ಡೀಮನ್ ಬೇಕು. ಮೇಲಾಗಿ ಆ ಪೋರ್ಟ್ ನಿಮ್ಮ ಯಂತ್ರದೊಳಗಷ್ಟೇ ಅಲ್ಲ, ಎಲ್ಲ ನೆಟ್‌ವರ್ಕ್ ಕಡೆಗೂ ತೆರೆದಿರುತ್ತದೆ. ಹಾಸ್ಟೆಲ್ ಅಥವಾ ಆಫೀಸ್ ವೈಫೈಯಲ್ಲಿ ಇದನ್ನು ಹಾಕುವುದು ಬಾಗಿಲಿಗೆ ಚಿಲಕ ಹಾಕದೆ ಊರಿಗೆ ಹೋದ ಹಾಗೆ. ನಾನಂತೂ ಬಳಸುವುದಿಲ್ಲ.

ಬಲಗಡೆ ಏನೂ ಬರೆಯದೆ ಬಿಟ್ಟರೆ ಕರ್ನಲ್ ಕಟ್ಟುವಾಗ ಕೊಟ್ಟ ಆಯ್ಕೆ ಬರುತ್ತದೆ. ಒಂದು ಕಾನ್‌ಫಿಗ್‌ನಲ್ಲಿ ಅದು ಎಕ್ಸ್‌ಟರ್ಮ್, ಇನ್ನೊಂದರಲ್ಲಿ ಪಿಟಿಎಸ್. ಅದಕ್ಕೇ ಕಮಾಂಡ್ ಸಾಲಿನಲ್ಲಿ ಬಿಡಿಸಿ ಬರೆಯುವುದು ಒಳ್ಳೆಯದು.

ಈಗ ನನ್ನ ಮೊದಲ ದಿನದ ಗೋಳಿಗೆ ಬರೋಣ. ಕರ್ನಲ್ ತನ್ನ ಮಾತನ್ನೆಲ್ಲ ಕಾನ್0 ಮೇಲೆ ಆಡುತ್ತದೆ. ಡೆಬಿಯನ್‌ನ ಇನಿಟ್ ಆದ ಸಿಸ್ಟಂಡಿ ಗೆಟ್ಟಿಯನ್ನು ಕೂರಿಸುವುದು ಟಿಟಿವೈ1 ಮೇಲೆ. ಎತ್ತು ಏರಿಗೆ, ಕೋಣ ನೀರಿಗೆ. ನಾನು ಕಾನ್0ವನ್ನು ಟರ್ಮಿನಲ್‌ಗೆ ಕಟ್ಟಿ ಕಾಯುತ್ತಿದ್ದೆ, ಲಾಗಿನ್ ಕಾನ್1ರಲ್ಲಿ ಕಾಯುತ್ತಿತ್ತು. ಸರಿಯಾದ ಸಾಲು ಇದು:

./ಲಿನಕ್ಸ್ ಮೆಮ್=512ಎಂ ಯುಎಂಐಡಿ=ಮರಿ ಯುಬಿಡಿ0=ರೂಟ್.ಐಎಂಜಿ ರೂಟ್=/ಡೆವ್/ಯುಬಿಡಿಎ ಕಾನ್=ನಲ್ ಕಾನ್0=ನಲ್,ಎಫ್‌ಡಿ:2 ಕಾನ್1=ಎಫ್‌ಡಿ:0,ಎಫ್‌ಡಿ:1

ಬಿಡಿಸಿ ನೋಡಿ. ಮೊದಲು ಎಲ್ಲ ಕನ್ಸೋಲ್‌ಗೂ ನಲ್. ಆಮೇಲೆ ಕಾನ್0ಗೆ ಇನ್‌ಪುಟ್ ಇಲ್ಲ, ಔಟ್‌ಪುಟ್ ಮಾತ್ರ ಸ್ಟ್ಯಾಂಡರ್ಡ್ ಎರರ್ ಕಡೆಗೆ. ಕಾನ್1 ನಿಮ್ಮ ಟರ್ಮಿನಲ್‌ಗೆ. ಕರ್ನಲ್ ಮಾತು ಬೇರೆ, ಲಾಗಿನ್ ಬೇರೆ ಆಯಿತು. ಸಾಲಿನ ಕೊನೆಗೆ 2>ಬೂಟ್.ಲಾಗ್ ಅಂತ ಸೇರಿಸಿದರೆ ಬೂಟ್ ಸಂದೇಶವೆಲ್ಲ ಫೈಲಿಗೆ ಹೋಗಿ ಟರ್ಮಿನಲ್‌ನಲ್ಲಿ ಬರೀ ಲಾಗಿನ್ ಉಳಿಯುತ್ತದೆ. ಕರ್ನಲ್ ಪ್ಯಾನಿಕ್ ಆದಾಗ ಆ ಫೈಲ್ ಚಿನ್ನ.

ಮರಿ ಅನ್ನುವುದು ನಾನಿಟ್ಟ ಹೆಸರು, ನಿಮಗೆ ಇಷ್ಟ ಬಂದದ್ದು ಇಡಿ. ಆದರೆ ಇಡದೆ ಬಿಡಬೇಡಿ, ಕೊನೆಯಲ್ಲಿ ಬೇಕಾಗುತ್ತದೆ.

ಇನ್ನೊಂದು ವಿಷಯ. ಎಫ್‌ಡಿ:0 ಕಟ್ಟಿದ ಟರ್ಮಿನಲ್ ರಾ ಮೋಡ್‌ಗೆ ಹೋಗುತ್ತದೆ. ಅದಕ್ಕೇ ಕಂಟ್ರೋಲ್-ಸಿ ಯುಎಂಎಲ್‌ಅನ್ನು ಕೊಲ್ಲುವುದಿಲ್ಲ, ಗೆಸ್ಟ್ ಒಳಗೆ ಹೋಗುತ್ತದೆ. ಯುಎಂಎಲ್ ನಡುವೆ ಸತ್ತರೆ ಟರ್ಮಿನಲ್ ಹಾಗೇ ಉಳಿದು, ಹೊಡೆದ ಅಕ್ಷರ ಕಾಣದೆ, ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಗಾಬರಿ ಬೇಡ. ಕಾಣದಿದ್ದರೂ ಎಸ್‌ಟಿಟಿವೈ ಸೇನ್ ಅಂತ ಹೊಡೆದು ಎಂಟರ್ ಒತ್ತಿ. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್-ಜೆ ಒತ್ತಿ.

ಹೆಜ್ಜೆ 3: ಸೀರಿಯಲ್

ನಿಜ ಹೇಳಬೇಕೆಂದರೆ ಯುಎಂಎಲ್‌ನಲ್ಲಿ ಕನ್ಸೋಲ್‌ಗೂ ಸೀರಿಯಲ್‌ಗೂ ಒಳಗಿನ ಯಂತ್ರ ಒಂದೇ. ಬಲಗಡೆ ಬರೆಯುವ ಮಾತುಗಳೂ ಅವೇ. ಹೆಸರು ಬೇರೆ: ಕಮಾಂಡ್ ಸಾಲಿನಲ್ಲಿ ಎಸ್‌ಎಸ್‌ಎಲ್, ಗೆಸ್ಟ್ ಒಳಗೆ ಟಿಟಿವೈಎಸ್. ವೆಬ್‌ಸೈಟ್‌ಗಳ ಎಸ್‌ಎಸ್‌ಎಲ್‌ಗೂ ಇದಕ್ಕೂ ನಂಟಿಲ್ಲ. ಒಟ್ಟು 64 ಇವೆ, ಟಿಟಿವೈಎಸ್0 ಇಂದ ಟಿಟಿವೈಎಸ್63.

ಹಾಗಾದರೆ ಯಾಕೆ ಬೇಕು? ಎರಡು ಕಾರಣಕ್ಕೆ. ಗೆಸ್ಟ್ ಒಳಗಿನ ಪ್ರೋಗ್ರಾಂ ಸೀರಿಯಲ್ ಪೋರ್ಟನ್ನೇ ಕೇಳುತ್ತಿರಬಹುದು, ಜಿಪಿಎಸ್ ಓದುವುದೋ ಮೋಡೆಮ್ ಜೊತೆ ಮಾತಾಡುವುದೋ. ಇಲ್ಲವೇ ಲಾಗಿನ್‌ಗೆ ಇನ್ನೊಂದು ದಾರಿ ಬೇಕಿರಬಹುದು, ಮೊದಲ ಟರ್ಮಿನಲ್ ಕೈಕೊಟ್ಟರೂ ಒಳಗೆ ಹೋಗಲು.

ಎರಡನೆಯದನ್ನು ಮಾಡೋಣ. ಮೇಲಿನ ಸಾಲಿಗೆ ಎಸ್‌ಎಸ್‌ಎಲ್=ನಲ್ ಎಸ್‌ಎಸ್‌ಎಲ್0=ಪಿಟಿಎಸ್ ಸೇರಿಸಿ. ಗೆಸ್ಟ್ ಒಳಗೆ ಲಾಗಿನ್ ಆಗಿ ಗೆಟ್ಟಿಯನ್ನು ಕೂರಿಸಿ:

ಸಿಸ್ಟಂಸಿಟಿಎಲ್ ಎನೇಬಲ್ --ನೌ ಸೀರಿಯಲ್-ಗೆಟ್ಟಿ@ಟಿಟಿವೈಎಸ್0

ಗೆಸ್ಟ್ ಒಳಗಿನವರು ಆ ಸಾಧನವನ್ನು ತೆರೆದ ಮೇಲೆಯೇ ಹೋಸ್ಟ್‌ನಲ್ಲಿ ಸ್ಯೂಡೋ ಟರ್ಮಿನಲ್ ಹುಟ್ಟುತ್ತದೆ. ಹುಟ್ಟಿದಾಗ ಕರ್ನಲ್ ಒಂದು ಸಾಲು ಹೇಳುತ್ತದೆ, ಸೀರಿಯಲ್ ಲೈನ್ 0ಗೆ /ಡೆವ್/ಪಿಟಿಎಸ್/5 ಕೊಟ್ಟಿದೆ ಅನ್ನುವ ಅರ್ಥದ್ದು. ಈ ಸಂಖ್ಯೆ ಪ್ರತಿ ಸಲ ಬದಲಾಗಬಹುದು, ಸ್ಕ್ರಿಪ್ಟ್‌ನಲ್ಲಿ ಅಚ್ಚು ಹಾಕಬೇಡಿ. ಹೋಸ್ಟ್‌ನ ಇನ್ನೊಂದು ಟರ್ಮಿನಲ್‌ನಿಂದ ಸ್ಕ್ರೀನ್ /ಡೆವ್/ಪಿಟಿಎಸ್/5 ಅಂತ ಹೊಡೆದು ಒಮ್ಮೆ ಎಂಟರ್ ಒತ್ತಿ. ಲಾಗಿನ್ ಬರುತ್ತದೆ. ಹಳೆಯ ಡಿಸ್ಟ್ರೋ ಆದರೆ ರೂಟ್‌ಗೆ ಅಲ್ಲಿ ಪ್ರವೇಶ ಇಲ್ಲ ಅನ್ನಬಹುದು. ಆಗ ಗೆಸ್ಟ್‌ನ ಸೆಕ್ಯೂರ್‌ಟಿಟಿವೈ ಫೈಲಿಗೆ ಟಿಟಿವೈಎಸ್0 ಸೇರಿಸಿ.

9600ಆ, 115200ಆ ಅನ್ನುವ ಬಾಡ್ ರೇಟ್ ಚಿಂತೆ ಇಲ್ಲಿ ಬೇಡ. ತಂತಿಯೇ ಇಲ್ಲ, ವೇಗ ಎಲ್ಲಿಂದ ಬಂತು? ಆದರೆ ಹೋಸ್ಟ್‌ನ ನಿಜವಾದ ಸೀರಿಯಲ್ ಪೋರ್ಟನ್ನು ಗೆಸ್ಟ್‌ಗೆ ಕೊಡುವಾಗ ಬೇಕು. ಯುಎಸ್‌ಬಿ ಸೀರಿಯಲ್ ಕೇಬಲ್‌ನಲ್ಲಿ ಏನೋ ಬೋರ್ಡ್ ಸಿಕ್ಕಿಸಿದ್ದೀರಿ ಅಂದುಕೊಳ್ಳಿ:

ಎಸ್‌ಎಸ್‌ಎಲ್1=ಟಿಟಿವೈ:/ಡೆವ್/ಟಿಟಿವೈಯುಎಸ್‌ಬಿ0

ಇಲ್ಲಿ ಯುಎಸ್‌ಬಿ ದೊಡ್ಡಕ್ಷರ. ಈಗ ಗೆಸ್ಟ್‌ನ ಟಿಟಿವೈಎಸ್1 ಅಂದರೆ ಆ ಬೋರ್ಡ್. ಗೆಸ್ಟ್ ಒಳಗೆ ವೇಗ ಬದಲಿಸಿದರೆ ಅದು ಹೋಸ್ಟ್‌ಗೆ ಮುಟ್ಟುವುದಿಲ್ಲ. ಹೋಸ್ಟ್‌ನಲ್ಲೇ ಎಸ್‌ಟಿಟಿವೈಯಿಂದ ವೇಗ ಇಟ್ಟುಬಿಡಿ. ಡೆಬಿಯನ್, ಉಬುಂಟು ಹೋಸ್ಟ್ ಆದರೆ ನೀವು ಡಯಲ್‌ಔಟ್ ಗುಂಪಿನಲ್ಲೂ ಇರಬೇಕು.

ಕರ್ನಲ್ ಸಂದೇಶಗಳೇ ಸೀರಿಯಲ್ ಮೇಲೆ ಬರಲಿ ಅನ್ನುವವರು ಕನ್ಸೋಲ್=ಟಿಟಿವೈಎಸ್0 ಸೇರಿಸಿ. ಕ್ಯೂಇಎಂಯು ಅನ್ನುವ ಎಮ್ಯುಲೇಟರ್ ಬಳಸಿದವರಿಗೆ ಇದು ಹಳೇ ಪರಿಚಯ, ಅಲ್ವಾ? ಕನ್ಸೋಲ್= ಎರಡು ಸಲ ಕೊಟ್ಟರೆ ಸಂದೇಶ ಎರಡೂ ಕಡೆ ಬರುತ್ತದೆ, ಕೊನೆಯಲ್ಲಿ ಬರೆದದ್ದು /ಡೆವ್/ಕನ್ಸೋಲ್ ಆಗುತ್ತದೆ.

ಹೆಜ್ಜೆ 4: ನೆಟ್‌ವರ್ಕ್

ಇಲ್ಲಿ ಹಳೆಯ ಬರಹಗಳನ್ನು ನಂಬಿ ಕೆಡಬೇಡಿ. ಇಟಿಎಚ್0=ಟನ್‌ಟ್ಯಾಪ್ ಅಂತ ಶುರುವಾಗುವ ಸಾಲು ಎಲ್ಲ ಕಡೆ ಸಿಗುತ್ತದೆ. ಅದು ಹಳೆಯ ದಾರಿ. 2018ರಲ್ಲಿ 4.17 ಕರ್ನಲ್ ಜೊತೆ ವೆಕ್ಟರ್ ಡ್ರೈವರ್‌ಗಳು ಬಂದವು, ಒಂದೊಂದು ಪ್ಯಾಕೆಟ್ ಬದಲು ಕಟ್ಟುಕಟ್ಟಾಗಿ ಸಾಗಿಸುವುದರಿಂದ ಅವು ಹಳೆಯವಕ್ಕಿಂತ ಬಹಳ ಚುರುಕು. ಈಚಿನ ಕರ್ನಲ್‌ಗಳಲ್ಲಿ ಹಳೆಯ ದಾರಿಯನ್ನು ತೆಗೆದೇ ಹಾಕಿದ್ದಾರೆ. ಕಷ್ಟ ಏನೆಂದರೆ, ಹಳೆಯ ಸಾಲು ಕೊಟ್ಟರೂ ಹೊಸ ಕರ್ನಲ್ ಬೂಟ್ ನಿಲ್ಲಿಸುವುದಿಲ್ಲ. ಗೊತ್ತಿಲ್ಲದ ಆಯ್ಕೆ ಅಂತ ಇನಿಟ್ ಕೈಗೆ ದಾಟಿಸಿ ಮುಂದೆ ಹೋಗುತ್ತದೆ. ಕಾಗುಣಿತ ತಪ್ಪಿದರೂ ಇದೇ ಗತಿ. ಬೂಟ್ ಲಾಗ್‌ನಲ್ಲಿ ಗೊತ್ತಿಲ್ಲದ ಆಯ್ಕೆಗಳ ಸಾಲು ಇದೆಯಾ ಅಂತ ಒಮ್ಮೆ ಕಣ್ಣಾಡಿಸಿ.

ಮೊದಲು ಹೋಸ್ಟ್ ತುದಿ. ಟ್ಯಾಪ್ ಅಂದರೆ ಹೋಸ್ಟ್‌ನಲ್ಲಿ ಸಾಫ್ಟ್‌ವೇರ್‌ನಿಂದಲೇ ಮಾಡಿದ ನೆಟ್‌ವರ್ಕ್ ಕಾರ್ಡ್. ಅದನ್ನು ಮಾಡಲು ರೂಟ್ ಅಧಿಕಾರ ಬೇಕು:

ಸುಡೋ ಐಪಿ ಟನ್‌ಟ್ಯಾಪ್ ಆಡ್ ಡೆವ್ ಟ್ಯಾಪ್0 ಮೋಡ್ ಟ್ಯಾಪ್ ಯೂಸರ್ ನಿಮ್ಮ-ಬಳಕೆದಾರ-ಹೆಸರು
ಸುಡೋ ಐಪಿ ಆಡರ್ ಆಡ್ 192.168.77.1/24 ಡೆವ್ ಟ್ಯಾಪ್0
ಸುಡೋ ಐಪಿ ಲಿಂಕ್ ಸೆಟ್ ಟ್ಯಾಪ್0 ಅಪ್

ಆಡರ್ ಅನ್ನುವುದನ್ನು ಎ-ಡಿ-ಡಿ-ಆರ್ ಅಂತ ಹೊಡೆಯಿರಿ. ಯೂಸರ್ ಭಾಗವೇ ಮುಖ್ಯ. ಅದರಿಂದಲೇ ಆಮೇಲೆ ಯುಎಂಎಲ್ ನಿಮ್ಮ ಸಾಮಾನ್ಯ ಹೆಸರಿನಲ್ಲೇ ಟ್ಯಾಪ್ ತೆರೆಯಬಹುದು. ಈ ಹಂತದಲ್ಲಿ ಟ್ಯಾಪ್0 ನೋಡಿದರೆ ನೋ-ಕ್ಯಾರಿಯರ್ ಅನ್ನುತ್ತದೆ. ಅದು ಸರಿಯೇ, ಇನ್ನೂ ಹಗ್ಗದ ಆ ತುದಿಯಲ್ಲಿ ಯಾರೂ ಇಲ್ಲ.

ಯುಎಂಎಲ್ ಸಾಲಿಗೆ ಇದನ್ನು ಸೇರಿಸಿ:

ವೆಕ್0:ಟ್ರಾನ್ಸ್‌ಪೋರ್ಟ್=ಟ್ಯಾಪ್,ಐಎಫ್‌ನೇಮ್=ಟ್ಯಾಪ್0,ಡೆಪ್ತ್=128,ಜಿಆರ್‌ಒ=1,ಮ್ಯಾಕ್=02:00:00:00:77:02

ವೆಕ್0 ಆದಮೇಲೆ ಸಮ ಚಿಹ್ನೆ ಅಲ್ಲ, ಎರಡು ಚುಕ್ಕೆ. ಕಣ್ಣು ತಪ್ಪುವುದು ಇಲ್ಲೇ. ಅಲ್ಪವಿರಾಮದ ನಂತರ ಜಾಗ ಬಿಡಬಾರದು. ಮ್ಯಾಕ್ ಕೊಡದಿದ್ದರೂ ನಡೆಯುತ್ತದೆ, ಆದರೆ ಪ್ರತಿ ಬೂಟ್‌ಗೂ ಹೊಸ ವಿಳಾಸ ಹುಟ್ಟುತ್ತದೆ, ಡಿಎಚ್‌ಸಿಪಿ ಬಳಸುವವರಿಗೆ ಪ್ರತಿ ಸಲ ಹೊಸ ಐಪಿ. 02 ಇಂದ ಶುರು ಮಾಡಿದರೆ ಅದು ಸ್ಥಳೀಯವಾಗಿ ಇಟ್ಟ ವಿಳಾಸ ಅಂತ ಲೆಕ್ಕ, ಯಾವ ಕಂಪನಿಯ ಕಾರ್ಡಿನ ಜೊತೆಗೂ ಜಗಳ ಬರುವುದಿಲ್ಲ.

ಗೆಸ್ಟ್ ಒಳಗೆ ಇಂಟರ್‌ಫೇಸ್ ಹೆಸರು ವೆಕ್0. ಇಟಿಎಚ್0 ಹುಡುಕಬೇಡಿ.

ಐಪಿ ಆಡರ್ ಆಡ್ 192.168.77.2/24 ಡೆವ್ ವೆಕ್0
ಐಪಿ ಲಿಂಕ್ ಸೆಟ್ ವೆಕ್0 ಅಪ್
ಐಪಿ ರೂಟ್ ಆಡ್ ಡಿಫಾಲ್ಟ್ ವಯಾ 192.168.77.1

ಮೂರನೇ ಸಾಲಿನ ರೂಟ್ ಅನ್ನು ಆರ್-ಒ-ಯು-ಟಿ-ಇ ಅಂತ ಹೊಡೆಯಿರಿ. ಯುಎಂಎಲ್ ಟ್ಯಾಪ್‌ಅನ್ನು ನಿಜವಾಗಿ ತೆರೆಯುವುದು ಬೂಟ್‌ನಲ್ಲಲ್ಲ, ಈ ಎರಡನೇ ಸಾಲಿನಲ್ಲಿ. ಹಾಗಾಗಿ ಟ್ಯಾಪ್ ಹೆಸರು ತಪ್ಪಿದ್ದರೆ, ಅನುಮತಿ ಇಲ್ಲದಿದ್ದರೆ, ಬೇರೆ ಗೆಸ್ಟ್ ಆಗಲೇ ಅದನ್ನು ಹಿಡಿದಿದ್ದರೆ ದೋಷ ಇಲ್ಲಿ ಕಾಣುತ್ತದೆ. ಬೂಟ್ ಚೆನ್ನಾಗಿ ಆಯ್ತಲ್ಲ ಅಂತ ಮೋಸ ಹೋಗಬೇಡಿ.

ಈಗ 192.168.77.1ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಹಗ್ಗ ಗಟ್ಟಿ. ಉತ್ತರ ಬರದಿದ್ದರೆ ಹೋಸ್ಟ್‌ನಲ್ಲಿ ಟಿಸಿಪಿಡಂಪ್ ಅನ್ನು ಟ್ಯಾಪ್0 ಮೇಲೆ ಇಟ್ಟು ನೋಡಿ: ಪ್ಯಾಕೆಟ್ ಬರುತ್ತಲೇ ಇಲ್ಲವೋ, ಬಂದರೂ ಹೋಸ್ಟ್‌ನ ಫೈರ್‌ವಾಲ್ ನುಂಗುತ್ತಿದೆಯೋ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹೊರಗಿನ ಇಂಟರ್ನೆಟ್ ಬೇಕಾದರೆ ಹೋಸ್ಟ್‌ನಲ್ಲಿ ಎರಡು ಸಾಲು. ಮೊದಲನೆಯದು ಫಾರ್ವರ್ಡಿಂಗ್, ಎರಡನೆಯದು ನ್ಯಾಟ್, ಅಂದರೆ ಗೆಸ್ಟ್‌ನ ಪ್ಯಾಕೆಟ್‌ಗಳನ್ನು ಹೋಸ್ಟ್‌ನ ವಿಳಾಸದಲ್ಲೇ ಹೊರಗೆ ಕಳಿಸುವುದು:

ಸುಡೋ ಸಿಸ್‌ಸಿಟಿಎಲ್ -ಡಬ್ಲ್ಯೂ ನೆಟ್.ಐಪಿವಿ4.ಐಪಿ_ಫಾರ್ವರ್ಡ್=1
ಸುಡೋ ಐಪಿಟೇಬಲ್ಸ್ -ಟಿ ನ್ಯಾಟ್ -ಎ ಪೋಸ್ಟ್‌ರೌಟಿಂಗ್ -ಎಸ್ 192.168.77.0/24 -ಜೆ ಮಾಸ್ಕರೇಡ್

ಎರಡನೇ ಸಾಲಿನಲ್ಲಿ -ಎ, ಪೋಸ್ಟ್‌ರೌಟಿಂಗ್, ಮಾಸ್ಕರೇಡ್ ಮೂರೂ ದೊಡ್ಡಕ್ಷರ. ಗೆಸ್ಟ್‌ನ ರಿಸಾಲ್ವ್.ಕಾನ್ಫ್ ಫೈಲಿನಲ್ಲಿ ಒಂದು ಡಿಎನ್‌ಎಸ್ ವಿಳಾಸ ಹಾಕಿ. ಎಲ್ಲ ಕೆಲಸ ಮಾಡಿದ ಮೇಲೆ ಇದೇ ಸೆಟ್ಟಿಂಗ್‌ಗಳನ್ನು ಗೆಸ್ಟ್‌ನ /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಫೈಲಿಗೆ ಸೇರಿಸಿದರೆ ಮುಂದಿನ ಬೂಟ್‌ಗೆ ತಾನೇ ಬರುತ್ತದೆ.

ಹೋಸ್ಟ್‌ಗೆ ಪಿಂಗ್ ಹೋಗುತ್ತದೆ, ಹೊರಗೆ ಮಾತ್ರ ಹೋಗುವುದಿಲ್ಲ ಅಂದರೆ ನಾನು ಮೊದಲು ಕೇಳುವುದು: ಆ ಯಂತ್ರದಲ್ಲಿ ಕಂಟೇನರ್ ಓಡಿಸುವ ಡಾಕರ್ ಇದೆಯಾ? ಡಾಕರ್ ಐಪಿಟೇಬಲ್ಸ್‌ನ ಫಾರ್ವರ್ಡ್ ಸರಪಳಿಯ ನೀತಿಯನ್ನು ಡ್ರಾಪ್ ಮಾಡಿಡುತ್ತದೆ. ನಿಮ್ಮ ಟ್ಯಾಪ್0 ಅದರ ಲೆಕ್ಕದಲ್ಲಿ ಇಲ್ಲ. ಟ್ಯಾಪ್0 ಇಂದ ಬರುವುದಕ್ಕೂ ಅದಕ್ಕೆ ಹೋಗುವುದಕ್ಕೂ ಒಂದೊಂದು ಅನುಮತಿ ನಿಯಮ ಹಾಕಬೇಕು. ಒಂದು ಇಡೀ ಶನಿವಾರ ಇದರ ಹಿಂದೆ ಹೋಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ಎರಡು ಗೆಸ್ಟ್ ಓಡಿಸುವುದಾದರೆ ಎರಡು ಟ್ಯಾಪ್ ಮಾಡಿ, ಎರಡನ್ನೂ ಒಂದು ಬ್ರಿಡ್ಜ್‌ಗೆ, ಅಂದರೆ ಹೋಸ್ಟ್ ಒಳಗಿನ ಸಾಫ್ಟ್‌ವೇರ್ ಸ್ವಿಚ್‌ಗೆ, ಸೇರಿಸಿ. ಆಗ 192.168.77.1 ವಿಳಾಸ ಟ್ಯಾಪ್ ಮೇಲಲ್ಲ, ಬ್ರಿಡ್ಜ್ ಮೇಲಿರಬೇಕು. ಅದೇ ಬ್ರಿಡ್ಜ್‌ಗೆ ಲ್ಯಾಪ್‌ಟಾಪ್‌ನ ವೈಫೈ ಕೂಡ ಸೇರಿಸಿಬಿಡೋಣ ಅನ್ನಿಸುತ್ತದೆ. ಆಗುವುದಿಲ್ಲ. ಸಾಮಾನ್ಯ ಕ್ಲೈಂಟ್ ಆಗಿ ಕೆಲಸ ಮಾಡುವ ವೈಫೈ ಕಾರ್ಡನ್ನು ಬ್ರಿಡ್ಜ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ವೈಫೈ ಇದ್ದರೆ ನ್ಯಾಟ್ ಒಂದೇ ದಾರಿ ಅಂದುಕೊಳ್ಳಿ.

ಹೆಜ್ಜೆ 5: ಹೊರಗಿನಿಂದ ಹಿಡಿತ

ಯುಎಂಐಡಿ=ಮರಿ ಅಂತ ಹೆಸರಿಟ್ಟದ್ದು ಇದಕ್ಕೇ. ನಿಮ್ಮ ಹೋಮ್ ಫೋಲ್ಡರ್‌ನ .ಯುಎಂಎಲ್ ಒಳಗೆ ಮರಿ ಅನ್ನುವ ಫೋಲ್ಡರ್ ಇರುತ್ತದೆ, ಅದರೊಳಗೆ ಒಂದು ಸಾಕೆಟ್ ಮತ್ತು ಪ್ರೋಸೆಸ್ ಸಂಖ್ಯೆಯ ಫೈಲ್. ಯುಎಂಎಲ್-ಯುಟಿಲಿಟೀಸ್ ಪ್ಯಾಕೇಜಿನ ಯುಎಂಎಲ್_ಎಂಕನ್ಸೋಲ್ ಅನ್ನುವ ಕಮಾಂಡ್ ಆ ಸಾಕೆಟ್ ಮೂಲಕ ಕರ್ನಲ್ ಜೊತೆ ನೇರ ಮಾತಾಡುತ್ತದೆ. ಗೆಸ್ಟ್ ಒಳಗೆ ಲಾಗಿನ್ ಆಗುವ ಅಗತ್ಯವೇ ಇಲ್ಲ.

ಯುಎಂಎಲ್_ಎಂಕನ್ಸೋಲ್ ಮರಿ ಕಾನ್‌ಫಿಗ್ ಎಸ್‌ಎಸ್‌ಎಲ್0

ಸೀರಿಯಲ್ ಲೈನ್ ಈಗ ಯಾವ ಪಿಟಿಎಸ್‌ನಲ್ಲಿದೆ ಅಂತ ಇದು ಹೇಳುತ್ತದೆ. ಬೂಟ್ ಲಾಗ್ ಕೆದಕುವುದಕ್ಕಿಂತ ಇದೇ ಸುಲಭ, ಸ್ಕ್ರಿಪ್ಟ್‌ಗೂ ಇದನ್ನೇ ಹಾಕಿ. ಸಮ ಚಿಹ್ನೆ ಸೇರಿಸಿ ಕಾನ್‌ಫಿಗ್ ಕಾನ್3=ಪಿಟಿಎಸ್ ಅಂದರೆ, ಯಾರೂ ಬಳಸದಿರುವ ಕಾನ್3 ಓಡುತ್ತಿರುವಾಗಲೇ ಬದಲಾಗುತ್ತದೆ. ಆಮೇಲೆ ಅಲ್ಲಿ ಗೆಟ್ಟಿ ಕೂರಿಸುವ ಕೆಲಸ ಮತ್ತೆ ನಿಮ್ಮದೇ.

ನಿಲ್ಲಿಸುವಾಗ ಒಂದು ಎಚ್ಚರ. ಇದೇ ಯುಎಂಎಲ್_ಎಂಕನ್ಸೋಲ್‌ಗೆ ಕೊಡುವ ಸಿಎಡಿ ಅನ್ನುವ ಆದೇಶ ಗೆಸ್ಟ್‌ಗೆ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದ ಹಾಗೆ. ಸಿಸ್ಟಂಡಿ ಇದ್ದರೆ ಅದು ನಿಲ್ಲುವುದಿಲ್ಲ, ರೀಬೂಟ್ ಆಗುತ್ತದೆ. ಹಾಲ್ಟ್ ಅನ್ನುವುದು ವೈರ್ ಕಿತ್ತ ಹಾಗೆ, ಡಿಸ್ಕ್‌ಗೆ ಬರೆಯದೆ ಉಳಿದದ್ದು ಹೋಯಿತು. ಒಳಗೆ ಹೋಗಿ ಪವರ್‌ಆಫ್ ಹೊಡೆಯುವುದೇ ಒಳ್ಳೆಯದು. ಒಳಗೆ ಹೋಗಲು ಆಗದಿದ್ದರೆ ಮೊದಲು ಸಿಸ್‌ಆರ್‌ಕ್ಯೂ ಎಸ್ ಕೊಟ್ಟು ಡಿಸ್ಕ್‌ಗೆ ಬರೆಸಿ, ನಂತರ ಸಿಸ್‌ಆರ್‌ಕ್ಯೂ ಯು ಕೊಟ್ಟು ಓದಲು ಮಾತ್ರ ಅಂತ ಮಾಡಿ, ಆಮೇಲೆ ಹಾಲ್ಟ್ ಕೊಡಿ.